ಅಮೆರಿಕದ ಡಿ.ಒ. ಅರೆ ಡಾಕ್ಟರಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಶಿಕ್ಷಣ ಪುರವಣಿಯ ಪ್ರಶ್ನೋತ್ತರದಲ್ಲಿ ದಾವಣಗೆರೆಯ ತಂದೆಯೊಬ್ಬರು ಕೇಳಿದ್ದರು: ಮಗಳು ಎರಡು ಸಲ ನೀಟ್ ಬರೆದಳು, ಸೀಟು ಸಿಗಲಿಲ್ಲ; ಅಮೆರಿಕದಲ್ಲಿ ‘ಆಸ್ಟಿಯೋಪಥಿಕ್ ಮೆಡಿಸಿನ್’ (ಡಿ.ಒ. ಪದವಿ) ಅಂತ ಒಂದಿದೆಯಂತೆ, ಅದನ್ನು ಓದಿಸಿದರೆ ಡಾಕ್ಟರ್ ಆಗಬಹುದೇ? ಅದಕ್ಕೆ ಬಂದ ಉತ್ತರ ಐದೇ ಸಾಲು. ಅದು ಮೂಳೆ, ಸ್ನಾಯು ನೀವಿ ಗುಣಪಡಿಸುವ ಪರ್ಯಾಯ ಪದ್ಧತಿ, ನಮ್ಮ ಫಿಸಿಯೋಥೆರಪಿಗೆ ಹತ್ತಿರ, ಪಿಯುಸಿ ಮುಗಿಸಿದವರು ಸೇರಬಹುದು, ಆದರೆ ಎಂ.ಡಿ.ಗೆ ಸಮನಲ್ಲ. ಐದು ಸಾಲಿನಲ್ಲಿ ನಾಲ್ಕು ತಪ್ಪು. ಮೂವತ್ತಮೂರು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು, ಕೆಂಪು ಪೆನ್ನು ಹುಡುಕತೊಡಗಿತು.

ಆದರೂ ಆವತ್ತೇ ಬರೆಯಲಿಲ್ಲ. ಒಂದೂವರೆ ವರ್ಷದ ಹಿಂದೆ ನನ್ನನ್ನೇ ಕೇಳಿದ್ದರೆ ನಾನೂ ಇದೇ ಉತ್ತರ ಕೊಡುತ್ತಿದ್ದೆ, ಬಹುಶಃ ಇನ್ನೂ ಧಿಮಾಕಿನಿಂದ.

ನಾನು ಸಾಗರದವನು. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದೆ. ಮಗಳು, ಅಳಿಯ ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿದ್ದಾರೆ. ಮೊಮ್ಮಗಳು ಹುಟ್ಟಿ ಬೆಳೆದದ್ದು ಅಲ್ಲೇ. 2024ರ ಅಕ್ಟೋಬರ್‌ನಿಂದ ಆರು ತಿಂಗಳು ನಾನು, ನನ್ನವಳು ಅಲ್ಲಿದ್ದೆವು. ಮೊಮ್ಮಗಳು ಆಗ ಪದವಿಯ ಕೊನೆಯ ಹಂತದಲ್ಲಿದ್ದಳು, ಮೆಡಿಕಲ್‌ಗೆ ಹೋಗುವ ತಯಾರಿ. ಒಂದು ರಾತ್ರಿ ಊಟಕ್ಕೆ ಕೂತಾಗ ‘ಅಜ್ಜ, ನಾನು ಎಂ.ಡಿ.ಗೂ ಹಾಕ್ತೀನಿ, ಡಿ.ಒ.ಗೂ ಹಾಕ್ತೀನಿ’ ಅಂದಳು. ನನಗೆ ಗೊತ್ತಿದ್ದ ಡಿ.ಒ. ಒಬ್ಬರೇ: ಎಲ್‌ಐಸಿಯ ಡೆವಲಪ್‌ಮೆಂಟ್ ಆಫೀಸರು. ತಿಂಗಳ ಮೊದಲ ವಾರ ಸ್ಟಾಫ್‌ರೂಮಿನ ಬಾಗಿಲಲ್ಲಿ ಏಜೆಂಟರ ಜೊತೆ ನಿಂತಿರುತ್ತಿದ್ದರು. ಇಷ್ಟು ಓದಿಸಿ ವಿಮೆ ಮಾರುವುದಕ್ಕಾ ಅಂದೆ. ಎಲ್ಲರೂ ನಕ್ಕರು. ‘ಆಸ್ಟಿಯೋಪಥಿಕ್ ಮೆಡಿಸಿನ್’ ಅಂತ ಆಕೆ ಬಿಡಿಸಿ ಹೇಳಿದ ಮೇಲೆ ನಾನು ನಗಲಿಲ್ಲ. ಆಸ್ಟಿಯೋ ಅಂದರೆ ಎಲುಬು, ಅಷ್ಟು ನನಗೂ ಗೊತ್ತು. ‘ಎಲುಬು ಕಟ್ಟೋದು ಕಲಿಯೋಕೆ ಅಮೆರಿಕ ಯಾಕೆ, ನಮ್ಮೂರಲ್ಲೇ ಇದ್ರಲ್ಲ’ ಅಂದುಬಿಟ್ಟೆ. ಮಗಳು ‘ಅಪ್ಪಯ್ಯಾ’ ಅಂತ ಕಣ್ಣು ಬಿಟ್ಟಳು. ಮೊಮ್ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ಮಾತು ಸುಮ್ಮನೆ ಬಂದದ್ದಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅಡಿಕೆ ಚಪ್ಪರದಿಂದ ಬಿದ್ದು ಎಡ ಮೊಣಕೈ ಮುರಿದಿತ್ತು. ಆಸ್ಪತ್ರೆ ದೂರ, ಮಳೆಗಾಲ, ಹೊಳೆ ತುಂಬಿತ್ತು. ಎಲುಬು ಕೂರಿಸುವವರೊಬ್ಬರು ಬಂದು ಎಳೆದು, ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಹಚ್ಚಿ ಬಟ್ಟೆ ಸುತ್ತಿದರು. ಮೊಟ್ಟೆ ಹೊಸಿಲು ದಾಟಬಾರದು ಅನ್ನುತ್ತಿದ್ದ ಅಜ್ಜಿ ಆವತ್ತು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೈ ಕೂಡಿತು, ಆದರೆ ಇವತ್ತಿಗೂ ಪೂರ್ತಿ ನೀಳವಾಗುವುದಿಲ್ಲ. ಕರಿಹಲಗೆಯ ಮೇಲೆ ಬರೆಯುವ ಕೈ ಬಲಗೈ ಆದ್ದರಿಂದ ಬದುಕು ನಡೆಯಿತು.

2025ರ ಜನವರಿಯಲ್ಲಿ ಅದೇ ಕೈ ಮೇಲೆ ಮತ್ತೆ ಬಿದ್ದೆ. ಮನೆ ಮುಂದೆ ನೆಲಕ್ಕೆ ಅಂಟಿದ ಮಂಜುಗಡ್ಡೆ, ಕಣ್ಣಿಗೇ ಕಾಣದಂಥದ್ದು. ಅಳಿಯ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ. ಸುಮಾರು ನಲವತ್ತರ ಡಾಕ್ಟರಮ್ಮ ಬಂದರು. ಎಕ್ಸ್‌ರೇಗೆ ಕಳಿಸುವ ಮೊದಲು ಕೈಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಅಂತ ನೋಡಲು ಮಣಿಕಟ್ಟಿನ ನಾಡಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ. ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದರು, ಆಮೇಲೆ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಇಸಿಜಿ ಮಾಡಿಸಿದರು. ಮೂಳೆ ಮುರಿದಿರಲಿಲ್ಲ. ಆದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುತ್ತಿದ್ದವು, ಏಟ್ರಿಯಲ್ ಫಿಬ್ರಿಲೇಶನ್. ಮೂವತ್ತಮೂರು ವರ್ಷ ಮಕ್ಕಳಿಗೆ ಕಪ್ಪೆಯ ಹೃದಯ ಬಿಡಿಸಿ ತೋರಿಸಿದವನಿಗೆ ತನ್ನದು ಕೆಟ್ಟಿದ್ದು ಗೊತ್ತೇ ಇರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಆಕೆಯೇ ಬರೆದುಕೊಟ್ಟರು, ಹೃದ್ರೋಗ ತಜ್ಞರ ಬಳಿ ದಿನವನ್ನೂ ಗೊತ್ತುಮಾಡಿದರು. ಪಾರ್ಶ್ವವಾಯು ಹೊಡೆಯದೆ ಈ ಪತ್ರ ಬರೆಯುತ್ತಿದ್ದೇನೆ ಅಂದರೆ ಅದರಲ್ಲಿ ಅವರ ಪಾಲಿದೆ.

ಹೊರಡುವಾಗ ನನ್ನ ಸೊಟ್ಟ ಮೊಣಕೈ ನೋಡಿ, ಯಾರು ಕೂರಿಸಿದ್ದು ಅಂತ ಕೇಳಿದರು. ಬಿದಿರ ದಬ್ಬೆಯ ಕಥೆಯನ್ನು ಅಳಿಯ ಇಂಗ್ಲಿಷ್‌ನಲ್ಲಿ ಹೇಳಿದ. ಆಕೆ ನಕ್ಕು, ನಮ್ಮ ಶಾಖೆಯ ಮೂಲಪುರುಷನೂ ತನ್ನನ್ನು ಎಲುಬು ಕೂರಿಸುವವ ಅಂತಲೇ ಕರೆದುಕೊಳ್ಳುತ್ತಿದ್ದ ಅಂದರು. ಆಗ ಅವರ ಬಿಳಿ ಕೋಟಿನ ಮೇಲಿನ ಹೆಸರಿನ ಪಕ್ಕ ನೋಡಿದೆ. ಡಿ.ಒ.

ಕಾರಿನಲ್ಲಿ ನಾನೂ ಮಾತಾಡಲಿಲ್ಲ, ಅಳಿಯನೂ ಮಾತಾಡಲಿಲ್ಲ. ಒಳ್ಳೆಯವನು ಅವನು.

ಆಮೇಲಿನ ಎರಡು ತಿಂಗಳು ನನಗೆ ಅದೇ ಕೆಲಸ. ಹೊರಗೆ ಹಿಮ, ಒಳಗೆ ಮೊಮ್ಮಗಳ ಲ್ಯಾಪ್‌ಟಾಪ್. ಆ ಮೂಲಪುರುಷನ ಹೆಸರು ಆಂಡ್ರ್ಯೂ ಟೇಲರ್ ಸ್ಟಿಲ್, 1828ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವನು. ತಂದೆ ಪಾದ್ರಿ, ಜೊತೆಗೆ ವೈದ್ಯ. ಮಗನೂ ತಂದೆಯ ಕೈಕೆಳಗೆ ವೈದ್ಯ ಕಲಿತ. 1864ರಲ್ಲಿ ಮೆದುಳು ಜ್ವರಕ್ಕೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡ. ಆ ಕಾಲದ ಅಮೆರಿಕದ ಔಷಧಿ ಅಂದರೆ ಪಾದರಸದ ಕ್ಯಾಲೊಮೆಲ್, ಅಫೀಮು, ಮದ್ಯ, ರಕ್ತ ತೆಗೆಯುವುದು. ಇವೆಲ್ಲ ಇದ್ದೂ ಮಕ್ಕಳು ಉಳಿಯಲಿಲ್ಲವಲ್ಲ ಅಂತ ಆತ ಔಷಧಿಯನ್ನೇ ದ್ವೇಷಿಸತೊಡಗಿದ. ಎಲುಬು ತನ್ನ ಜಾಗದಲ್ಲಿ ಇಲ್ಲದಿದ್ದರೆ ರಕ್ತದ ಹರಿವು ತಡೆಯುತ್ತದೆ, ರೋಗಕ್ಕೆ ಅದೇ ಬೇರು ಅಂತ 1874ರಲ್ಲಿ ಸಾರಿದ. ಮಿಂಚಿನ ವೇಗದಲ್ಲಿ ಎಲುಬು ಕೂರಿಸುವವ ಅಂತ ಚೀಟಿ ಅಚ್ಚು ಹಾಕಿಸಿಕೊಂಡು ಊರೂರು ತಿರುಗಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದ. ಎಡಿನ್‌ಬರೋದಲ್ಲಿ ಓದಿದ್ದ ವಿಲಿಯಂ ಸ್ಮಿತ್ ಅಲ್ಲಿ ಅಂಗರಚನೆ ಕಲಿಸಲು ನಿಂತ. ಮೊದಲ ತರಗತಿಯಲ್ಲೇ ಹೆಣ್ಣುಮಕ್ಕಳೂ ಇದ್ದರು. ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿದ್ದ ಮೆಡಿಕಲ್ ಕಾಲೇಜುಗಳು ಆಗ ಆ ದೇಶದಲ್ಲಿ ಬೇಕಾದಷ್ಟಿದ್ದವು.

ಸ್ಟಿಲ್ ಹೇಳಿದ್ದರಲ್ಲಿ ಬಹುಪಾಲು ತಪ್ಪು, ಜೀವಶಾಸ್ತ್ರದ ಮೇಷ್ಟರಾಗಿ ಇದನ್ನು ಮುಚ್ಚಿಡಲಾರೆ. ರೋಗಾಣು ಎಲುಬಿನ ಜಾಗ ನೋಡಿಕೊಂಡು ಬರುವುದಿಲ್ಲ. ಪಾದರಸ ಕುಡಿಸಬೇಡಿ ಅಂದದ್ದು ಮಾತ್ರ ಸರಿ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆತನ ಶಿಷ್ಯರು ಕಾಲಕ್ರಮದಲ್ಲಿ ಔಷಧಿ, ಶಸ್ತ್ರಚಿಕಿತ್ಸೆ, ಪ್ರಯೋಗಾಲಯ ಎಲ್ಲವನ್ನೂ ಪಠ್ಯದೊಳಗೆ ತಂದುಕೊಂಡರು. ಇವತ್ತು ಡಿ.ಒ. ಕಾಲೇಜಿನಲ್ಲಿ ಓದುವುದು ಎಂ.ಡಿ. ಕಾಲೇಜಿನಲ್ಲಿ ಓದುವುದನ್ನೇ: ನಾಲ್ಕು ವರ್ಷ, ಅದೇ ಅಂಗರಚನೆ, ಅದೇ ಔಷಧಶಾಸ್ತ್ರ, ಅದೇ ಆಸ್ಪತ್ರೆ ವಾರ್ಡು. ಹೆಚ್ಚಿಗೆ ಇರುವುದು ಸುಮಾರು 200 ಗಂಟೆಗಳ ಕೈಯ ಪಾಠ, ಕೀಲು, ಸ್ನಾಯುಗಳನ್ನು ಮುಟ್ಟಿ ತಿಳಿಯುವುದು, ಸಡಿಲಿಸುವುದು. ಸೊಂಟನೋವಿನಂಥದ್ದಕ್ಕೆ ಅದರಿಂದ ಒಂದಿಷ್ಟು ಉಪಯೋಗ ಉಂಟು. ತಲೆಬುರುಡೆಯ ಎಲುಬುಗಳು ಒಂದು ಲಯದಲ್ಲಿ ಅಲುಗುತ್ತವೆ, ಅದನ್ನು ಬೆರಳಲ್ಲಿ ಹಿಡಿಯಬಹುದು ಎಂಬ ಪಾಠವೂ ಉಂಟಂತೆ. ಅದನ್ನು ನಾನು ನಂಬುವುದಿಲ್ಲ, ಮೊಮ್ಮಗಳಿಗೂ ಹೇಳಿದ್ದೇನೆ. ಪರೀಕ್ಷೆಗೆ ಬರೆ, ರೋಗಿಗೆ ಹೇಳಬೇಡ ಅಂತ. ಓದು ಮುಗಿಸಿದ ಡಿ.ಒ.ಗಳಲ್ಲಿ ಬಹುತೇಕರು ಆ ಕೈಯ ಚಿಕಿತ್ಸೆಯನ್ನು ಅಪರೂಪಕ್ಕೆ ಬಳಸುತ್ತಾರೆ, ಕೆಲವರು ಬಳಸುವುದೇ ಇಲ್ಲ. ನನ್ನ ನಾಡಿ ಹಿಡಿದ ಡಾಕ್ಟರಮ್ಮನೂ ಏನನ್ನೂ ನೀವಲಿಲ್ಲ.

ಹಾಗಾದರೆ ಈ ಕೀಳರಿಮೆ ಎಲ್ಲಿಂದ ಬಂತು? ಅರ್ಧ ಅಮೆರಿಕದವರದ್ದೇ. ಎಂ.ಡಿ.ಗಳ ಸಂಘ ದಶಕಗಳ ಕಾಲ ಇವರನ್ನು ಪಂಕ್ತಿಯಲ್ಲಿ ಕೂರಿಸಲಿಲ್ಲ. ಅದರಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗ ಕ್ಯಾಲಿಫೋರ್ನಿಯಾದ್ದು. 1962ರಲ್ಲಿ ಅಲ್ಲಿ ಎರಡೂ ಕಡೆಯವರು ಒಂದು ಒಪ್ಪಂದ ಮಾಡಿಕೊಂಡರು. ಡಿ.ಒ.ಗಳು 65 ಡಾಲರ್ ಕಟ್ಟಿದರೆ ಎಂ.ಡಿ. ಪದವಿ ಪತ್ರ! ಸುಮಾರು ಎರಡು ಸಾವಿರ ಜನ ಕಟ್ಟಿ ತೆಗೆದುಕೊಂಡರು. ಹಿಂದಿನ ದಿನ ಅರೆವೈದ್ಯ, ಮರುದಿನ ಪೂರ್ಣವೈದ್ಯ. ನಡುವೆ ಒಂದು ರಸೀದಿ. ಅವರ ಕಾಲೇಜೇ ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಮೆಡಿಕಲ್ ಕಾಲೇಜಾಯಿತು. ಹೊಸ ಡಿ.ಒ.ಗಳಿಗೆ ಅಲ್ಲಿ ಲೈಸೆನ್ಸ್ ನಿಂತೇಹೋಗಿತ್ತು, 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಬಾಗಿಲು ತೆಗೆಸಿತು. ಅತ್ತ 1966ರಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ರಕ್ಷಣಾ ಸಚಿವ ಮೆಕ್ನಮಾರಾ ಸೇನೆಯ ವೈದ್ಯರಾಗಿ ಡಿ.ಒ.ಗಳನ್ನು ತೆಗೆದುಕೊಳ್ಳಲು ಒಪ್ಪಿದ್ದ. ಗುಂಡು ತಗುಲಿದ ಸಿಪಾಯಿ ಡಾಕ್ಟರ ಹೆಸರಿನ ಮುಂದಿನ ಅಕ್ಷರ ಓದುತ್ತಾನೆಯೇ? ಎಲ್ಲರಿಗಿಂತ ಕೊನೆಗೆ, 1973ರಲ್ಲಿ, ಮಿಸಿಸಿಪ್ಪಿ ರಾಜ್ಯ ಪೂರ್ಣ ಹಕ್ಕು ಕೊಟ್ಟಿತು. ಇವತ್ತು ಐವತ್ತು ರಾಜ್ಯಗಳಲ್ಲೂ ಡಿ.ಒ.ಗೆ ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಹಕ್ಕು ಎಂ.ಡಿ.ಯಷ್ಟೇ. ಕಾಲೇಜು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿಗೆ ರೆಸಿಡೆನ್ಸಿ ಅನ್ನುತ್ತಾರೆ; ಎಂ.ಡಿ., ಡಿ.ಒ.ಗಳಿಗೆ ಬೇರೆ ಬೇರೆ ಇದ್ದ ಅದರ ಮಾನ್ಯತೆ 2020ರಲ್ಲಿ ಒಂದಾಯಿತು. ಟ್ರಂಪ್ ಮೊದಲ ಅವಧಿಯಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದಾಗ ಟೀವಿ ಮುಂದೆ ಬಂದು ವಿವರ ಕೊಡುತ್ತಿದ್ದ ಶಾನ್ ಕಾನ್ಲಿ ಡಿ.ಒ.; ಆಮೇಲೆ ಬೈಡನ್‌ರ ವೈದ್ಯರಾಗಿದ್ದ ಕೆವಿನ್ ಒಕಾನರ್ ಕೂಡ ಡಿ.ಒ. ಅಧ್ಯಕ್ಷರ ನಾಡಿ ಹಿಡಿಯಲು ಆಗುವವರು ನಮ್ಮ ನೆಂಟರಿಗೆ ಸಾಲದೇ?

ಉಳಿದ ಅರ್ಧ ಕೀಳರಿಮೆ ನಮ್ಮದು, ಇಲ್ಲಿಂದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದದ್ದು. ನಮ್ಮ ತಲೆಯಲ್ಲೊಂದು ಏಣಿ ಇದೆ. ಮೇಲಿನ ಮೆಟ್ಟಿಲು ಎಂ.ಬಿ.ಬಿ.ಎಸ್.; ಸಿಗದಿದ್ದರೆ ಬಿ.ಡಿ.ಎಸ್., ಅದೂ ಇಲ್ಲದಿದ್ದರೆ ಬಿ.ಎ.ಎಂ.ಎಸ್., ಬಿ.ಎಚ್.ಎಂ.ಎಸ್., ಫಿಸಿಯೋಥೆರಪಿ. ಪ್ರತಿ ಜೂನ್‌ನಲ್ಲಿ ನನ್ನ ಮುಂದೆ ಅಳುತ್ತ ಒಂದೊಂದು ಮೆಟ್ಟಿಲು ಇಳಿದ ಮಕ್ಕಳು ಎಷ್ಟೋ. ಡಿ.ಒ. ಅಂದ ಕೂಡಲೇ ನಾವು ಅದನ್ನು ಈ ಏಣಿಯ ಮೇಲೆ ಹುಡುಕುತ್ತೇವೆ, ಎಲ್ಲೋ ಆಯುರ್ವೇದದ ಪಕ್ಕದಲ್ಲಿ ಇಡುತ್ತೇವೆ. ಏಣಿಯೇ ಅಲ್ಲಿಯದಲ್ಲ. ಎಂ.ಡಿ. ಎಂಬ ಅಕ್ಷರದ ಗೊಂದಲವೂ ಸೇರಿಕೊಂಡಿದೆ. ನಮ್ಮಲ್ಲಿ ಎಂ.ಡಿ. ಅಂದರೆ ಎಂ.ಬಿ.ಬಿ.ಎಸ್. ಆದ ಮೇಲಿನ ಸ್ನಾತಕೋತ್ತರ ಪದವಿ. ಅಮೆರಿಕದಲ್ಲಿ ಎಂ.ಡಿ. ಅಂದರೆ ವೈದ್ಯನಾಗುವ ಮೊದಲ ಪದವಿ, ನಮ್ಮ ಎಂ.ಬಿ.ಬಿ.ಎಸ್. ಇದ್ದ ಹಾಗೆ. ಡಿ.ಒ. ಅದೇ ಸಾಲಿನಲ್ಲಿ ಪಕ್ಕದ ಕುರ್ಚಿ. ಮೊಮ್ಮಗಳ ಜೊತೆ ಒಂದು ಗಂಟೆ ದಾರಿಯ ಈಸ್ಟ್ ಲ್ಯಾನ್ಸಿಂಗ್‌ಗೆ ಹೋಗಿದ್ದೆ. ಅಲ್ಲಿನ ಮಿಷಿಗನ್ ಸ್ಟೇಟ್ ಸರಕಾರಿ ವಿಶ್ವವಿದ್ಯಾಲಯ. ಒಂದೇ ವಿಶ್ವವಿದ್ಯಾಲಯದೊಳಗೆ ಎಂ.ಡಿ. ಕೊಡುವ ಕಾಲೇಜೂ ಇದೆ, ಡಿ.ಒ. ಕೊಡುವ ಕಾಲೇಜೂ ಇದೆ. ಡಿ.ಒ. ಕಾಲೇಜು ಇರುವುದು ಹಿಂದೆ ಹಾಸ್ಟೆಲ್ ಆಗಿದ್ದ ಫೀ ಹಾಲ್ ಎಂಬ ಕಟ್ಟಡದಲ್ಲಿ. ಹೆಸರು ಕೇಳಿ, ಇವರು ಬಾಗಿಲಲ್ಲೇ ಫೀಸು ಕೇಳುತ್ತಾರಾ ಅಂದೆ. ಆ ತಮಾಷೆ ಮುಂದೆ ನಿಜವಾಯಿತು, ಅದಕ್ಕೆ ಬರುತ್ತೇನೆ.

ಮಾರ್ಚ್ ಕೊನೆಗೆ ಅಲ್ಲಿನ ಕನ್ನಡದವರ ಯುಗಾದಿ ಊಟ. ಎಲೆಯಲ್ಲಿ ಹೋಳಿಗೆ, ತುಪ್ಪ ಬಡಿಸುತ್ತಿದ್ದ ಮಧ್ಯವಯಸ್ಸಿನ ಗೃಹಸ್ಥರು ಮೊಮ್ಮಗಳನ್ನು ಏನು ಓದ್ತಿದ್ದೀಯಮ್ಮ ಅಂತ ಕೇಳಿದರು. ಆಕೆ ಹೇಳಿದಳು. ‘ಓ, ಎಂ.ಡಿ. ಸಿಗಲ್ವಾ, ಪಾಪ’ ಅಂದರು. ಇನ್ನೂ ಅರ್ಜಿಯನ್ನೇ ಹಾಕಿರದ ಹುಡುಗಿಗೆ! ಮುಂದುವರಿದು, ‘ಕೆರಿಬಿಯನ್ ದ್ವೀಪಗಳಿಗೆ ಕಳಿಸಿ ಸರ್, ಅಲ್ಲಿ ಓದಿದ್ರೆ ಎಂ.ಡಿ. ಅಂತ್ಲೇ ಬರುತ್ತೆ, ಮದುವೆ ಮಾಡುವಾಗ ವಿವರಿಸೋ ಕಷ್ಟ ಇರಲ್ಲ’ ಅಂತ ನನಗೆ ಸಲಹೆ ಕೊಟ್ಟರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಇನ್ನೂ ಇಳಿಯದ ವಿಷಯವೆಂದರೆ, ಅಕ್ಟೋಬರ್‌ನಲ್ಲಿ ಊಟದ ಮೇಜಿನಲ್ಲಿ ನಾನು ಆಡಿದ ಮಾತೂ ಇದೇ ಜಾತಿಯದ್ದು.

ಆ ರಾತ್ರಿ ಮೊಮ್ಮಗಳು ಒಂದು ಹಾಳೆ ತಂದು ನನ್ನ ಮುಂದೆ ಇಟ್ಟಳು. ಅಮೆರಿಕದಲ್ಲಿ ಡಿಗ್ರಿ ಸಿಕ್ಕ ಮಾತ್ರಕ್ಕೆ ವೈದ್ಯರಾಗುವುದಿಲ್ಲ, ರೆಸಿಡೆನ್ಸಿ ಸಿಗಬೇಕು. ಪ್ರತಿ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಒಟ್ಟಿಗೆ ನಡೆಯುವ ಆ ಹಂಚಿಕೆಗೆ ‘ಮ್ಯಾಚ್’ ಅನ್ನುತ್ತಾರೆ, ನಮ್ಮ ಸಿಇಟಿ ಕೌನ್ಸೆಲಿಂಗ್ ಇದ್ದಂತೆ, ಆದರೆ ಕಾಲೇಜು ಮುಗಿಯುವ ಹೊತ್ತಿಗೆ. 2024ರಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳ ಕೊನೆ ವರ್ಷದವರಲ್ಲಿ ಜಾಗ ಸಿಕ್ಕಿದ್ದು ಶೇ 93.5 ಮಂದಿಗೆ. ಡಿ.ಒ. ಕಾಲೇಜುಗಳವರಿಗೆ ಶೇ 92.3. ಹೊರದೇಶದಲ್ಲಿ ಓದಿ ಬಂದ ಅಮೆರಿಕದ ಪ್ರಜೆಗಳಿಗೆ, ಅಂದರೆ ಕೆರಿಬಿಯನ್‌ಗೆ ಹೋದವರೂ ಸೇರಿ, ಶೇ 67. ಅಲ್ಲಿಯ ಪ್ರಜೆಗಳಲ್ಲದೆ ಹೊರದೇಶದಲ್ಲಿ ಓದಿದವರಿಗೆ, ನಮ್ಮ ಎಂ.ಬಿ.ಬಿ.ಎಸ್. ಮಕ್ಕಳು ಬರುವ ಸಾಲು ಇದು, ಶೇ 58.5. ನಡುದಾರಿಯಲ್ಲಿ ಓದು ಬಿಟ್ಟವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಳೆಯ ಕೆಳಗೆ ಆಕೆ ಏನೂ ಬರೆದಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ.

ಇಷ್ಟು ಹೇಳಿ ಡಿ.ಒ. ಪರವಾಗಿ ಪ್ರಚಾರ ಮಾಡಿದಂತಾಗಬಾರದು. ಸೇರುವ ಗೆರೆ ಸ್ವಲ್ಪ ಕೆಳಗಿದೆ, ನಿಜ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಏಳೂವರೆ ಗಂಟೆಯದ್ದು, ಅತಿ ಹೆಚ್ಚಿನ ಅಂಕ 528. ಎಂ.ಡಿ. ಕಾಲೇಜು ಸೇರಿದವರ ಸರಾಸರಿ 511-512, ಡಿ.ಒ. ಸೇರಿದವರದ್ದು 504ರ ಆಸುಪಾಸು. ಮೊಮ್ಮಗಳಿಗೆ ಬಂದದ್ದು 505. 2023ರಲ್ಲಿ ಎಂ.ಡಿ.ಗೆ ಅರ್ಜಿ ಹಾಕಿದವರು ಸುಮಾರು 52 ಸಾವಿರ, ಒಳಗೆ ಹೋದವರು ಸುಮಾರು 23 ಸಾವಿರ. ನೀಟ್‌ನ ಇಪ್ಪತ್ಮೂರು ಲಕ್ಷ ನೋಡಿದ ನಮಗೆ ಇದು ಜಾತ್ರೆಯೇ ಅಲ್ಲ, ಆದರೆ ಅಲ್ಲಿ ಅರ್ಜಿ ಹಾಕುವವರೇ ನಾಲ್ಕು ವರ್ಷದ ಪದವಿಯಲ್ಲಿ ಸೋಸಿ ಉಳಿದವರು. ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ, ಚರ್ಮರೋಗದಂಥ ವಿಭಾಗಗಳಿಗೆ ಡಿ.ಒ.ಗಳು ಹೋಗುವುದು ಇವತ್ತಿಗೂ ಕಷ್ಟ. ಮೊದಲಿನಿಂದಲೇ ಅದರ ಕನಸು ಇದ್ದವರು ಇನ್ನೊಂದು ವರ್ಷ ಕೂತು ಎಂಕ್ಯಾಟ್ ಮತ್ತೆ ಬರೆಯುವುದು ಮೇಲು ಅಂತ ನನ್ನ ಅಭಿಪ್ರಾಯ. ಅರ್ಧಕ್ಕಿಂತ ಹೆಚ್ಚು ಡಿ.ಒ.ಗಳು ಮಾಡುವುದು ಮನೆವೈದ್ಯರ ಕೆಲಸ, ಮಕ್ಕಳ ವೈದ್ಯ, ಸಾಮಾನ್ಯ ವೈದ್ಯ. ಮೊಮ್ಮಗಳಿಗೂ ಅದೇ ಬೇಕು. ನನ್ನ ನಾಡಿ ಸಿಕ್ಕಿದ್ದೂ ಅಂಥವರ ಕೈಗೇ.

ಓದುವಾಗಿನ ಪಾಡೂ ಇದೆ. ಡಿ.ಒ. ಮಕ್ಕಳಿಗೆ ಕಾಮ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಕಡ್ಡಾಯ. ಕೆಲವು ರೆಸಿಡೆನ್ಸಿಯವರು ಎಂ.ಡಿ.ಗಳು ಬರೆಯುವ ಯುಎಸ್‌ಎಂಎಲ್‌ಇ ಅಂಕವನ್ನೇ ನೋಡುತ್ತಾರೆಂದು ಬಹಳ ಮಕ್ಕಳು ಎರಡನ್ನೂ ಬರೆಯುತ್ತಾರೆ, ಎರಡೆರಡು ಶುಲ್ಕ, ಎರಡೆರಡು ನಿದ್ದೆಗೇಡು. ಎಷ್ಟೋ ಡಿ.ಒ. ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ. ಮೂರನೇ, ನಾಲ್ಕನೇ ವರ್ಷ ಮಕ್ಕಳು ಬಾಡಿಗೆ ಮನೆ ಬದಲಿಸುತ್ತ ಊರಿಂದ ಊರಿನ ಆಸ್ಪತ್ರೆಗೆ ಅಲೆಯಬೇಕು. ಕಾಲೇಜಿನ ಕಟ್ಟಡ ಎಷ್ಟು ಚಂದ ಅಂತ ಕೇಳಬೇಡ, ವಾರ್ಡು ಎಲ್ಲಿ ಅಂತ ಕೇಳು ಅಂತ ಮೊಮ್ಮಗಳಿಗೆ ಹೇಳಿದ್ದೆ. ಸಂದರ್ಶನದಲ್ಲಿ ಕೇಳಿದಳಂತೆ. ಒಂದು ಕಡೆ ಸರಿಯಾದ ಉತ್ತರ ಬರಲಿಲ್ಲ, ಆ ಕಾಲೇಜನ್ನು ಪಟ್ಟಿಯಿಂದ ತೆಗೆದಳು.

ಎಲ್ಲಕ್ಕಿಂತ ದೊಡ್ಡದು ಹಣ. ಯುಗಾದಿ ಊಟದಲ್ಲಿ ಅಷ್ಟು ಜನ ಅಕ್ಷರದ ಬಗ್ಗೆ ಮಾತಾಡಿದರು, ಫೀಸು ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಡಿ.ಒ. ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ, ಹಲವು ಕಡೆ ಬೋಧನಾ ಶುಲ್ಕವೇ ವರ್ಷಕ್ಕೆ 60 ಸಾವಿರ ಡಾಲರ್ ದಾಟಿದೆ. ಇಲ್ಲಿಯವರೆಗೆ ಫೆಡರಲ್ ಸರಕಾರದ ಗ್ರ್ಯಾಡ್ ಪ್ಲಸ್ ಸಾಲ ಪೂರ್ತಿ ಖರ್ಚಿಗೆ ಸಿಗುತ್ತಿತ್ತು. 2025ರ ಜುಲೈನಲ್ಲಿ ಆದ ಕಾನೂನು ಅದನ್ನು ಹೊಸಬರಿಗೆ 2026ರ ಜುಲೈ 1ರಿಂದ ಮುಚ್ಚಿತು. ಇನ್ನು ಮೇಲೆ ವೈದ್ಯಕೀಯದಂಥ ವೃತ್ತಿಪರ ಓದಿಗೆ ಸರಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್‌ಗೆ ಸೀಮಿತ. ಮಿತಿ ಎಂ.ಡಿ.ಗೂ ಅದೇ, ಆದರೆ ಫೀಸು ಹೆಚ್ಚಿರುವ ಕಡೆಗೇ ಪೆಟ್ಟು ಹೆಚ್ಚು. ಬರೀ ಶುಲ್ಕ ನಾಲ್ಕು ವರ್ಷಕ್ಕೆ 2 ಲಕ್ಷದ 40 ಸಾವಿರ. ಊಟ, ಬಾಡಿಗೆ, ಕಾರು ಬೇರೆ. ಉಳಿದದ್ದಕ್ಕೆ ಖಾಸಗಿ ಬ್ಯಾಂಕಿನ ಬಾಗಿಲು, ಅದಕ್ಕೆ ಜಾಮೀನು ಅಪ್ಪ ಅಮ್ಮನ ಮನೆ. ಮೊಮ್ಮಗಳು ಕಾಲೇಜು ಸೇರುವುದು ಸರಿಯಾಗಿ ಈ ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ಒಂದು ಖಾಸಗಿ ಡಿ.ಒ. ಕಾಲೇಜಿನ ಸೀಟು ಬಂತು, ಮುಂಗಡ ಕಟ್ಟಿದ್ದಾರೆ. ಫೀಸು ಕಡಿಮೆ ಇರುವ ಸರಕಾರಿ ಕಾಲೇಜೊಂದರ ಕಾಯುವ ಪಟ್ಟಿಯಲ್ಲೂ ಹೆಸರಿದೆ. ಮಗಳು ವಾರಕ್ಕೆರಡು ಸಲ ಫೋನು ಮಾಡುತ್ತಾಳೆ, ಈಗ ಮಾತೆಲ್ಲ ಬಡ್ಡಿ ದರದ್ದೇ.

ಈಗ ದಾವಣಗೆರೆಯ ಆ ತಂದೆಯವರಿಗೆ. ಸ್ವಾಮಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ದಾರಿ ಒಳ್ಳೆಯದು, ಆದರೆ ಅದು ನಿಮ್ಮ ಮಗಳ ಮನೆ ಮುಂದೆ ಹಾಯುವುದಿಲ್ಲ. ಪಿಯುಸಿ ಮುಗಿಸಿ ಸೇರಲು ಅಲ್ಲಿ ಆಗುವುದಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ಎಂಕ್ಯಾಟ್, ಆಮೇಲೆ ನಾಲ್ಕು ವರ್ಷ ಕಾಲೇಜು, ಆಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ. ಸರಕಾರಿ ಸಾಲ ಅಲ್ಲಿಯ ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನವರಿಗೆ. ವಿದ್ಯಾರ್ಥಿ ವೀಸಾದವರನ್ನು ತೆಗೆದುಕೊಳ್ಳುವ ಕಾಲೇಜುಗಳು ಕೆಲವೇ, ತೆಗೆದುಕೊಂಡರೂ ಪೂರ್ತಿ ಹಣ ನಿಮ್ಮ ಜೇಬಿನದ್ದು. ಓದಿ ಮರಳಿ ಬಂದು ದಾವಣಗೆರೆಯಲ್ಲಿ ಬೋರ್ಡು ಹಾಕುವ ಆಸೆ ಇದ್ದರೆ, ಹೊರಡುವ ಮೊದಲೇ ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಲಿಖಿತ ಉತ್ತರ ತರಿಸಿಕೊಳ್ಳಬೇಕು, ಏಜೆಂಟರ ಬಾಯಿಮಾತು ಸಾಲದು.

ಇನ್ನೂ ಒಂದು ಮುಖ್ಯ ಎಚ್ಚರಿಕೆ. ನಿಮ್ಮ ಅಂಕಣಕಾರರು ಎಡವಿದ್ದು ಇಲ್ಲಿಯೇ ಇರಬೇಕು. ಆಸ್ಟಿಯೋಪಥ್ ಎಂಬ ಪದಕ್ಕೆ ಅಮೆರಿಕದ ಹೊರಗೆ ಬೇರೆಯೇ ಅರ್ಥ. ಬ್ರಿಟನ್ನಿನಲ್ಲಿ 1993ರ ಕಾಯಿದೆಯಡಿ ನೋಂದಾಯಿತರಾದ ಆಸ್ಟಿಯೋಪಥ್‌ಗಳಿದ್ದಾರೆ. ಕೀಲು, ಬೆನ್ನುನೋವಿಗೆ ಕೈಚಿಕಿತ್ಸೆ ಕೊಡುತ್ತಾರೆ. ಒಳ್ಳೆಯ ಕೆಲಸವೇ, ಆದರೆ ಅವರು ಎಂ.ಬಿ.ಬಿ.ಎಸ್.ಗೆ ಸಮನಾದ ವೈದ್ಯರಲ್ಲ. ಅಲ್ಲೂ ಇಲ್ಲೂ ಡಿ.ಒ. ಎಂಬ ಅಕ್ಷರವನ್ನು ಆಸ್ಟಿಯೋಪಥಿಯ ಡಿಪ್ಲೊಮಾಕ್ಕೂ ಬಳಸುತ್ತಾರೆ. ಆ ಎರಡಕ್ಷರ ನೋಡಿ ಅಮೆರಿಕದ ಡಿ.ಒ. ಅಂದುಕೊಂಡು ಯಾರಾದರೂ ಮಗಳನ್ನು ಯಾವುದೋ ಡಿಪ್ಲೊಮಾಕ್ಕೆ ಸೇರಿಸಿದರೆ, ಹೋಗುವುದು ದುಡ್ಡು ಒಂದೇ ಅಲ್ಲ. ಮೂರನೇ ಸಲ ನೀಟ್ ಬರೆಯಬೇಕೇ, ಬಿ.ಎಸ್ಸಿ. ಸೇರಬೇಕೇ ಅನ್ನುವುದನ್ನು ಮಗಳನ್ನೇ ಕೂರಿಸಿಕೊಂಡು ಕೇಳಿ. ಹತ್ತೊಂಬತ್ತರ ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಗೊತ್ತಿರುತ್ತದೆ. ನನ್ನ ಮುಂದೆ ಹಾಳೆ ಇಟ್ಟವಳಿಗೂ ಆಗ ಇಪ್ಪತ್ತೊಂದೇ.

ಸಂಪಾದಕರೇ, ಪುರವಣಿಯ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ ಎಂದು ಕೋರಿಕೆ. ಐದು ಸಾಲೇ ಸಾಕು. ‘ಎಲುಬು ವೈದ್ಯ’ ಅಂತ ಮಾತ್ರ ಅನುವಾದ ಮಾಡಿಸಬೇಡಿ. ಕನ್ನಡದಲ್ಲಿ ಏನನ್ನಬೇಕು ಅಂತ ನನ್ನವಳನ್ನು ಕೇಳಿದೆ, ಹಪ್ಪಳ ಒಣಹಾಕುತ್ತಿದ್ದಳು. ‘ಡಾಕ್ಟ್ರು ಓದ್ತಾಳೆ ಅಂತ ಹೇಳಿದ್ರಾಯ್ತು, ಆ ಅಕ್ಷರ ಎಲ್ಲ ನೀವೇ ಇಟ್ಕಳಿ’ ಅಂದಳು.

ದಾವಣಗೆರೆಯವರು ಬಯಸಿದರೆ ನನ್ನ ಫೋನ್ ನಂಬರು ಕೊಡಿ, ನಿಮ್ಮ ಕಚೇರಿಯಲ್ಲಿದೆ. ಮಧ್ಯಾಹ್ನ ಎರಡರಿಂದ ಮೂರೂವರೆ ಬಿಟ್ಟು ಯಾವಾಗ ಬೇಕಾದರೂ ಮಾಡಲಿ. ಆ ಹೊತ್ತು ಮಲಗಿರುತ್ತೇನೆ, ಡಾಕ್ಟರಮ್ಮನ ಅಪ್ಪಣೆ.

ಇಂತಿ ತಮ್ಮ ಓದುಗ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಸಾಗರ